ತಲೆಕೆಳಗಾದ ಬಾವುಟ, ಮೇಷ್ಟ್ರ ಅರ್ಜಿ

"ಏನ್ ಸ್ವಾಮಿ, ಹಸಿರು ಮೇಲೆ ಬಂದಿದೆ?"

ಆಗಸ್ಟ್ 15ರ ಬೆಳಿಗ್ಗೆ ಆರೂವರೆ. ಬಾಯಿಗೆ ಇನ್ನೂ ಕಾಫಿ ಬಿದ್ದಿರಲಿಲ್ಲ. ಕಾಂಪೌಂಡಿನ ಆಚೆಯಿಂದ ಮೇಷ್ಟ್ರ ದನಿ. ನಮ್ಮ ನುಗ್ಗೆಮರದ ತಕರಾರು ಮತ್ತೆ ಶುರುವಾಯಿತು ಅಂದುಕೊಂಡೆ. ಅದರ ಕೊಂಬೆ ಅವರ ಕಡೆಗೆ ವಾಲಿದೆ. ಕಾಯಿ ನಿಮಗೆ, ಕಂಬಳಿಹುಳ ನಮಗೆ ಅನ್ನುವುದು ಅವರ ಹಳೇ ದೂರು. ಆದರೆ ಮೇಷ್ಟ್ರು ಗಲ್ಲ ಎತ್ತಿ ನಮ್ಮ ತಾರಸಿಯ ಕಡೆ ತೋರಿಸುತ್ತಿದ್ದರು. ತಿರುಗಿ ನೋಡಿದೆ. ನೀರಿನ ಟ್ಯಾಂಕಿನ ಪಕ್ಕದ ಕಬ್ಬಿಣದ ಸರಳಿಗೆ ಎರಡು ಬಟ್ಟೆ ಕ್ಲಿಪ್ಪಿನಿಂದ ನಾನೇ ಸಿಕ್ಕಿಸಿ ಬಂದಿದ್ದ ಬಾವುಟ, ಹಸಿರನ್ನು ಮೇಲೆ ಮಾಡಿಕೊಂಡು, ಕೇಸರಿಯನ್ನು ಕೆಳಗೆ ಇಳಿಬಿಟ್ಟುಕೊಂಡು, ಒಣಗಲು ಹಾಕಿದ್ದ ನನ್ನ ಬನಿಯನ್ನಿನ ಪಕ್ಕದಲ್ಲಿ ಪಟಪಟ ಹಾರುತ್ತಿತ್ತು.

ಎದೆಯಲ್ಲಿ ಅವಲಕ್ಕಿ ಕುಟ್ಟಿದ ಹಾಗಾಯಿತು. ಮೂವತ್ತೆರಡು ವರ್ಷ ಬ್ಯಾಂಕಿನಲ್ಲಿ ದುಡಿದವನು ನಾನು. ಒಂದು ಚೆಕ್ಕನ್ನೂ ತಲೆಕೆಳಗಾಗಿ ಹಿಡಿದವನಲ್ಲ. ಎರಡೆರಡು ಮೆಟ್ಟಿಲು ಒಟ್ಟಿಗೆ ಹತ್ತಿ ಹೋಗಿ ತಿರುಗಿಸಿ ಸಿಕ್ಕಿಸಿದೆ, ಬನಿಯನ್ನು ತೆಗೆದು ಬಗಲಲ್ಲಿ ಇಟ್ಟುಕೊಂಡೆ, ಏದುಸಿರು ಬಿಡುತ್ತಾ ಕೆಳಗೆ ಬಂದೆ.

"ಬೇಕೂ ಅಂತ ಕೇಸರಿ ಕೆಳಗೆ ಮಾಡಿದ್ರೆ 1971ರ ಕಾಯ್ದೆ ಪ್ರಕಾರ ಮೂರು ವರ್ಷದ ತನಕ ಒಳಗೆ ಹಾಕಬಹುದು," ಅಂದರು ಮೇಷ್ಟ್ರು, ದಾಸವಾಳದ ಗಿಡಕ್ಕೆ ನೀರು ಬಿಡುತ್ತಾ. "ಹೆದರ್ಕೋಬೇಡಿ. ನೀವು ನಿದ್ದೆಗಣ್ಣಲ್ಲಿ ಮಾಡಿದೀರಿ. ನಿದ್ದೆಗಣ್ಣಿನ ದೇಶಭಕ್ತಿಗೆ ಶಿಕ್ಷೆ ಇಲ್ಲ."

ಅವರಿಗೆ ಹೇಳದೆ ಮುಚ್ಚಿಟ್ಟ ಇನ್ನೊಂದು ಸಂಗತಿ ಇತ್ತು. ಆ ತಲೆಕೆಳಗಾದ ಬಾವುಟದ ಫೋಟೋ ಆರೂಕಾಲಿಗೇ ಬಡಾವಣೆಯ ವಾಟ್ಸಾಪ್ ಗ್ರೂಪಿಗೆ ಹೋಗಿಬಿಟ್ಟಿತ್ತು. ನಮ್ಮ ಸಂಘದ ಸೆಕ್ರೆಟರಿಯವರ ಆಜ್ಞೆ ಹಾಗಿತ್ತು: ಎಲ್ಲ ಮನೆಯವರೂ ಏಳು ಗಂಟೆಯೊಳಗೆ ಬಾವುಟ ಹಾರಿಸಿ ಫೋಟೋ ಹಾಕತಕ್ಕದ್ದು, ಹಾಕದ ಮನೆಗಳ ನಂಬರನ್ನು ಸಭೆಯಲ್ಲಿ ಓದಲಾಗುವುದು. ಗ್ರೂಪು ತೆರೆದು ನೋಡಿದೆ. ಮೂವತ್ತೇಳು ಜನ ಕೈಮುಗಿದಿದ್ದರು. ಸೆಕ್ರೆಟರಿಯವರೇ "ಸೂಪರ್ ಸಾರ್, ಜೈ ಹಿಂದ್" ಅಂತ ಬರೆದಿದ್ದರು. ಒಬ್ಬರ ಕಣ್ಣಿಗೂ ಬಣ್ಣ ಬಿದ್ದಿರಲಿಲ್ಲ. ಸದ್ದಿಲ್ಲದೆ ಅಳಿಸಿ, ಹೊಸ ಫೋಟೋ ಹಾಕಿದೆ. ಈ ಸಲ ಹನ್ನೊಂದೇ ಜನ ಕೈಮುಗಿದರು.

ಆಗ ಗಮನಿಸಿದೆ: ಮೇಷ್ಟ್ರ ಮನೆ ಮೇಲೆ ಬಾವುಟವೇ ಇಲ್ಲ.

"ಮೇಷ್ಟ್ರೇ, ನಿಮ್ದು?"

"ಟ್ರಂಕಲ್ಲಿದೆ. ಖಾದಿದು. ಹುಬ್ಬಳ್ಳಿ ಬೆಂಗೇರಿಲಿ ಹೊಲಿದದ್ದು. ಇಸ್ತ್ರಿ ಮಾಡಿ ಇಟ್ಟಿದೀನಿ." ನೀರಿನ ಪೈಪನ್ನು ಪಾತಿಗೆ ಬಿಟ್ಟು ಗೋಡೆಗೆ ಮೊಣಕೈ ಊರಿದರು. ಮೇಷ್ಟ್ರು ಗೋಡೆಗೆ ಮೊಣಕೈ ಊರಿದರೆಂದರೆ ನಮ್ಮ ಮನೆಯಲ್ಲಿ ತಿಂಡಿ ತಣ್ಣಗಾಯಿತೆಂದೇ ಅರ್ಥ. "ಅಂದಹಾಗೆ ಆ ಅರ್ಜಿ ಓದಿದ್ರಾ?"

ಅರ್ಜಿಯ ಕಥೆ ಹೇಳಬೇಕು. ಬಡಾವಣೆಯ ಮೂಲೆಯಲ್ಲಿ ಒಂದು ಪಾರ್ಕು. ನಕ್ಷೆಯಲ್ಲಿ ಅದು ಪೂರ್ತಿ ಪಾರ್ಕು. ನೆಲದ ಮೇಲೆ ನೋಡಿದರೆ ಅರ್ಧ ಪಾರ್ಕು, ಇನ್ನರ್ಧಕ್ಕೆ ತಗಡಿನ ಬೇಲಿ, ಬೇಲಿಯೊಳಗೆ ರಾತ್ರೋರಾತ್ರಿ ಬಂದು ನಿಲ್ಲುವ ಟೆಂಪೋಗಳು. ಯಾರ ಅಪ್ಪಣೆ, ಯಾವ ಕಾಗದ ಅಂತ ಕೇಳಿ ಮೇಷ್ಟ್ರು ಸಂಬಂಧಪಟ್ಟ ಕಚೇರಿಗೆ ಅರ್ಜಿ ಬರೆದಿದ್ದಾರೆ. ಮಾಹಿತಿ ಹಕ್ಕಿನಲ್ಲಿ ಮೂವತ್ತು ದಿನದೊಳಗೆ ಉತ್ತರ ಕೊಡಬೇಕು, ಕೊಡದಿದ್ದರೆ ಮೇಲ್ಮನವಿ, ಅದಕ್ಕೂ ಬಗ್ಗದಿದ್ದರೆ ಒಂದು ದಿನದ ಧರಣಿ. ಜೊತೆಗೆ ನಿವಾಸಿಗಳ ಸಹಿ ಇರುವ ಒಂದು ಮನವಿ. ಅದು ನನ್ನ ಕೈಗೆ ಬಂದು ಹನ್ನೆರಡು ದಿನವಾಗಿತ್ತು. ಟೀವಿಯ ಕೆಳಗಿನ ಡ್ರಾಯರಿನಲ್ಲಿ, ವಿದ್ಯುತ್ ಬಿಲ್ಲುಗಳ ಅಡಿಯಲ್ಲಿ ಸುಖವಾಗಿತ್ತು.

"ಓದ್ತಾ ಇದೀನಿ," ಅಂದೆ. ಒಂದೂವರೆ ಪುಟದ ಅರ್ಜಿ.

ಮಾತು ಬೇರೆ ಕಡೆ ತಿರುಗಲಿ ಅಂತ ಕೇಳಿದೆ: "ಟ್ರಂಕಲ್ಲಿಟ್ರೆ ಹೇಗೆ ಮೇಷ್ಟ್ರೇ? ಸೆಕ್ರೆಟರಿ ನಂಬರ್ ಓದ್ತಾರಂತೆ."

"ಅದಕ್ಕೇ ಇನ್ನೂ ತೆಗೀಲಿಲ್ಲ," ಅಂದರು. "ಓದೋದು ಮುಗೀಲಿ, ಆಮೇಲೆ ಹಾರಿಸ್ತೀನಿ. ನಮ್ಮಪ್ಪನ ಕಾಲದಲ್ಲಿ ಹಾರಿಸಿದವರ ಹೆಸರು ಬರ್ಕೋತಿದ್ರು. ಈಗ ಹಾರಿಸದವರದ್ದು. ಬರ್ಕೊಳ್ಳೋರಂತೂ ಯಾವತ್ತೂ ಇದ್ದೇ ಇದಾರೆ."

ಮೇಷ್ಟ್ರ ಊರು ಮದ್ದೂರಿನ ಪಕ್ಕ. ಅಲ್ಲಿಯವರಿಗೆ ವಡೆಯ ಮೇಲೆ ಎಷ್ಟು ಅಭಿಮಾನವೋ ಶಿವಪುರದ ಮೇಲೂ ಅಷ್ಟೇ. 1938ರ ಏಪ್ರಿಲ್‌ನಲ್ಲಿ ಮೈಸೂರು ಕಾಂಗ್ರೆಸ್ಸಿನ ಅಧಿವೇಶನ ಅಲ್ಲಿ ನಡೆಯಿತು. ಬಾವುಟ ಹಾರಿಸಕೂಡದು ಅಂತ ನಿಷೇಧಾಜ್ಞೆ. ಅಧ್ಯಕ್ಷರಾಗಿದ್ದ ಟಿ. ಸಿದ್ದಲಿಂಗಯ್ಯನವರು ಆಜ್ಞೆ ಮುರಿದರು, ಪೊಲೀಸರು ಹಿಡಿದರು. ಅವರ ಹಿಂದೆ ಇನ್ನೊಬ್ಬರು, ಅವರ ಹಿಂದೆ ಮತ್ತೊಬ್ಬರು. ಆಗಿನ ಬಾವುಟದ ನಡುವೆ ಚರಕ ಇತ್ತು. ಇಪ್ಪತ್ತನಾಲ್ಕು ಅರೆಕಾಲಿನ ಚಕ್ರ ಬಂದದ್ದು 1947ರ ಜುಲೈನಲ್ಲಿ, ಸಂವಿಧಾನ ಸಭೆ ಒಪ್ಪಿದ ಮೇಲೆ.

"ನಮ್ಮಪ್ಪ ಆಗ ಹನ್ನೆರಡು ವರ್ಷದ ಹುಡ್ಗ ಕಣ್ರೀ. ದನ ಹೊಡ್ಕೊಂಡು ಹೋಗ್ತೀನಿ ಅಂತ ಹೇಳಿ, ದನಾನ ಇನ್ನೊಬ್ಬನಿಗೆ ಒಪ್ಪಿಸಿ ಓಡ್ಹೋಗಿದ್ನಂತೆ. ಅಲ್ಲಿ ಏನ್ ನೋಡ್ದೆ ಅಂದ್ರೆ ಮಜ್ಜಿಗೆ ಕೊಟ್ರು ಅನ್ನೋನು. ಮಡಕೆ ಮಜ್ಜಿಗೆ, ಅದ್ರಲ್ಲಿ ಕರಿಬೇವು. ಭಾಷಣ ಒಂದೂ ನೆನಪಿರ್ಲಿಲ್ಲ. ಬಾವುಟ ಮೇಲೆ ಹೋಗೋವಾಗ ಪಕ್ಕದಲ್ಲಿದ್ದ ಮುದುಕ ಮಜ್ಜಿಗೆ ಲೋಟಾನ ನೆಲದ ಮೇಲಿಟ್ಟು ಎದ್ದು ನಿಂತ್ಕೊಂಡ್ನಂತೆ. ಅವನನ್ನ ನೋಡಿ ಇವನೂ ನಿಂತ. ಇವನ ಲೋಟಾನ ಯಾವುದೋ ನಾಯಿ ಮುಗಿಸಿಬಿಡ್ತಂತೆ."

ದಿವಾನರಾಗಿದ್ದವರು ಸರ್ ಮಿರ್ಜಾ ಇಸ್ಮಾಯಿಲ್. ಅವರನ್ನು ಬೈಯಲು ನನಗೆ ಬಾಯಿ ಬರುವುದಿಲ್ಲ. ಕನ್ನಂಬಾಡಿಯ ಕೆಳಗೆ ಬೃಂದಾವನ ಮಾಡಿಸಿದವರು, ಊರು ಚೆಂದ ಇರಬೇಕು ಅಂತ ಆಸೆಪಟ್ಟವರು. ಅಂಥವರಿಗೂ ಒಂದು ತುಂಡು ಬಟ್ಟೆ ಕಂಡರೆ ಆಗಿಬರಲಿಲ್ಲ. ಸಂಸ್ಥಾನಕ್ಕೆ ಗಂಡಭೇರುಂಡ ಇರುವಾಗ ಇನ್ನೊಂದು ಯಾಕೆ ಅನ್ನುವುದು ಅವರ ವಾದ. ಎರಡು ವಾರ ಕಳೆಯುವುದರೊಳಗೆ, ಏಪ್ರಿಲ್ 25ಕ್ಕೆ, ಗೌರಿಬಿದನೂರಿನ ಹತ್ತಿರ ವಿದುರಾಶ್ವತ್ಥದಲ್ಲಿ ಜನ ಸೇರಿದರು. ಅಶ್ವತ್ಥಮರ, ಸುತ್ತ ಸಾಲುಸಾಲು ನಾಗರಕಲ್ಲು. ಅಲ್ಲಿ ಪೊಲೀಸರು ಗುಂಡು ಹಾರಿಸಿದರು. ಸತ್ತವರ ಲೆಕ್ಕ ಸರ್ಕಾರದ್ದು ಒಂದು, ಊರಿನವರದ್ದು ಇನ್ನೊಂದು. ಊರಿನವರ ಲೆಕ್ಕ ದೊಡ್ಡದು. ಆಮೇಲೆ ಸರ್ದಾರ್ ಪಟೇಲರು ಬೆಂಗಳೂರಿಗೆ ಬಂದು ಮಿರ್ಜಾರ ಜೊತೆ ಕೂತು ಮಾತಾಡಿ, ಎರಡೂ ಬಾವುಟ ಹಾರಲಿ ಅಂತ ಇತ್ಯರ್ಥವಾಯಿತು. ಇಷ್ಟಕ್ಕೆ ಅಷ್ಟು ಹೆಣ ಬೀಳಬೇಕಿತ್ತೇ ಅಂತ ಈಗ ಕೂತು ಕೇಳುವುದು ಸುಲಭ.

"ಒಂದ್ ವಿಷಯ ಗೊತ್ತಾ?" ಮೇಷ್ಟ್ರು ಪೈಪನ್ನು ಇನ್ನೊಂದು ಪಾತಿಗೆ ತಿರುಗಿಸಿದರು. "ದೆಹಲಿಲಿ 47ರ ಆಗಸ್ಟ್ 15ಕ್ಕೆ ಹಬ್ಬ ಆಯ್ತು. ನಮ್ಮ ಮೈಸೂರಲ್ಲಿ ಜವಾಬ್ದಾರಿ ಸರ್ಕಾರ ಕೊಡಿ ಅಂತ ಸೆಪ್ಟೆಂಬರ್‌ನಲ್ಲಿ ಜನ ಮತ್ತೆ ಬೀದಿಗಿಳಿದ್ರು. ಮೈಸೂರು ಚಲೋ. ಕೆ.ಸಿ. ರೆಡ್ಡಿಯವರ ಮಂತ್ರಿಮಂಡಲ ಕೂತಿದ್ದು ಅಕ್ಟೋಬರ್ ಕೊನೆಗೆ. ಕಲಬುರಗಿ ಕಡೆಯೋರಿಗಂತೂ ಇನ್ನೊಂದು ವರ್ಷ, 48ರ ಸೆಪ್ಟೆಂಬರ್ 17. ಕ್ಯಾಲೆಂಡರಲ್ಲಿ ಒಂದೇ ದಿನ ಕೆಂಪು ಅಕ್ಷರದಲ್ಲಿರುತ್ತೆ ಅಂತ ಸ್ವಾತಂತ್ರ್ಯ ಒಂದೇ ದಿನ ಎಲ್ಲರ ಮನೆಗೂ ಹಾಲಿನ ಪ್ಯಾಕೆಟ್ ಥರ ಬರ್ಲಿಲ್ಲ."

ಹಾಲಿನ ಪ್ಯಾಕೆಟ್ ಅಂದದ್ದು ಒಳಗೆ ಕೇಳಿಸಿತೋ ಏನೋ, ನನ್ನ ಹೆಂಡತಿ ಬಾಗಿಲಿಗೆ ಬಂದು, "ಉಪ್ಪಿಟ್ಟು ಅಂಟಾಯ್ತು" ಅಂದಳು. ಅವಳು ಹಾಗಂದರೆ ಬೈದದ್ದಕ್ಕಿಂತ ಹೆಚ್ಚು.

ಎಂಟೂವರೆಗೆ ಪಾರ್ಕಿನಲ್ಲಿ, ಅಂದರೆ ಉಳಿದಿರುವ ಅರ್ಧ ಪಾರ್ಕಿನಲ್ಲಿ, ಧ್ವಜಾರೋಹಣ. ಶುಕ್ರವಾರ ರಜೆ ಬಂದಿದ್ದರಿಂದ ಶನಿವಾರ, ಭಾನುವಾರ ಸೇರಿಸಿಕೊಂಡು ಬಡಾವಣೆಯ ಅರ್ಧ ಜನ ಸಕಲೇಶಪುರದಲ್ಲಿದ್ದರು. ಅವರ ಮನೆಗಳ ಮೇಲೂ ಬಾವುಟ ಇತ್ತು, ಫೋಟೋ ಹಿಂದಿನ ದಿನವೇ ಬಂದಿತ್ತು. ಮೈಕಿನವನು ಹಾಡು ಹಾಕಿದ್ದ. ಸೆಕ್ರೆಟರಿಯವರು ಬಿಳೀ ಜುಬ್ಬದಲ್ಲಿ, ಕೈಯಲ್ಲಿ ಒಂದು ನೋಟ್‌ಬುಕ್ ಹಿಡಿದು ಓಡಾಡುತ್ತಿದ್ದರು. ಮನುಷ್ಯ ಕೆಟ್ಟವರಲ್ಲ. ನಮ್ಮತ್ತೆ ಆಸ್ಪತ್ರೆಯಲ್ಲಿದ್ದಾಗ ರಾತ್ರಿ ಎರಡು ಗಂಟೆಗೆ ಕಾರು ತಂದು ನಿಲ್ಲಿಸಿದವರು ಅವರೇ. ಆದರೆ ಕೈಗೆ ಒಂದು ಪಟ್ಟಿ ಸಿಕ್ಕರೆ ಎಂಥ ಒಳ್ಳೆಯವನೂ ಸ್ವಲ್ಪ ಅಮಲ್ದಾರ ಆಗಿಬಿಡುತ್ತಾನೆ.

ಜನಗಣಮನ ಶುರುವಾಯಿತು. ಐವತ್ತೆರಡು ಸೆಕೆಂಡಿನ ಹಾಡು. ಮುಂದಿನ ಸಾಲಿನಲ್ಲಿ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತಿದ್ದ ಮೂರನೇ ಕ್ರಾಸಿನ ಅಜ್ಜಿ ಏಳಲಿಲ್ಲ. ಎರಡೂ ಮಂಡಿ ಆಪರೇಷನ್ ಆಗಿ ತಿಂಗಳಾಗಿಲ್ಲ. ಸೆಕ್ರೆಟರಿ ಹಾಡುತ್ತಲೇ ಕೈಸನ್ನೆ ಮಾಡಿದರು: ಏಳಿ, ಏಳಿ. ಅಜ್ಜಿ ಏಳಲಿಲ್ಲ. ಹಾಡು ಮುಗಿದ ಮೇಲೆ, ಮೈಕಿಗೂ ಕೇಳಿಸುವ ಹಾಗೆ ಹೇಳಿದರು: "ಕೂತ್ಕೊಂಡೇ ಹಾಡ್ದೆ ಕಣಪ್ಪ, ಪೂರ್ತಿ ಹಾಡ್ದೆ. ನೀನು ಕೈ ಆಡಿಸ್ತಾ ಇದ್ಯಲ್ಲ, ನಿಂದೇ ಒಂದು ಸಾಲು ಬಿಟ್ಟೋಯ್ತು."

ಲಾಡು ಹಂಚಿದರು. ಮನೆ ನಂಬರುಗಳನ್ನು ಓದಲಿಲ್ಲ. ಅಜ್ಜಿಯ ಮಾತಿನಿಂದಲೋ, ಮಳೆಯ ನಾಲ್ಕು ಹನಿ ಬಿದ್ದದ್ದರಿಂದಲೋ ಗೊತ್ತಿಲ್ಲ.

ಹತ್ತೂವರೆಗೆ ಮತ್ತೆ ಕಾಂಪೌಂಡ್. ಈ ಸಲ ಮೇಷ್ಟ್ರ ಹೆಂಡತಿ ಗೋಡೆಯ ಮೇಲಿಂದ ನಮ್ಮ ಮನೆಯವಳಿಗೆ ಒಂದು ಬಟ್ಟಲು ಚಟ್ನಿಪುಡಿ ದಾಟಿಸುತ್ತಿದ್ದರು. ಹೆಂಗಸರ ವ್ಯವಹಾರ ಎರಡು ನಿಮಿಷದಲ್ಲಿ ಮುಗಿಯಿತು. ನಮ್ಮದು ಶುರುವಾಯಿತು.

"ಅಜ್ಜಿದು ಸರಿ," ಅಂದೆ. "ಮಂಡಿ ನೋವು. ಆದ್ರೆ ಮಂಡಿ ಗಟ್ಟಿ ಇರೋನೂ ಏಳಲ್ಲ, ಹಾಡಲ್ಲ ಅಂದ್ರೆ? ಅದನ್ನೂ ಒಪ್ಕೋಬೇಕಾ?"

ಇದನ್ನು ನಾನು ಮೇಷ್ಟ್ರನ್ನು ಕೆಣಕಲು ಕೇಳಿದ್ದಲ್ಲ. ನಿಜವಾಗಿ ನನಗೆ ಹಾಗೇ ಅನ್ನಿಸುತ್ತದೆ. ಐವತ್ತೆರಡು ಸೆಕೆಂಡು ನಿಲ್ಲಲು ಏನು ಗಂಟು ಹೋಗುತ್ತದೆ?

ಮೇಷ್ಟ್ರು ಕೇರಳದ ಮಕ್ಕಳ ಕಥೆ ತೆಗೆದರು. 1985ರಲ್ಲಿ ಅಲ್ಲಿನ ಒಂದು ಶಾಲೆಯಲ್ಲಿ ಮೂವರು ಒಡಹುಟ್ಟಿದವರು. ಅವರ ಮನೆತನ ಯೆಹೋವನ ಸಾಕ್ಷಿಗಳ ಪಂಥಕ್ಕೆ ಸೇರಿದ್ದು. ತಮ್ಮ ದೇವರ ಪ್ರಾರ್ಥನೆ ಬಿಟ್ಟು ಬೇರೆ ಯಾವ ಆಚರಣೆಯಲ್ಲೂ ಸೇರಬಾರದು ಅನ್ನುವುದು ಅವರ ನಂಬಿಕೆ. ಪ್ರತಿದಿನ ಬೆಳಿಗ್ಗೆ ಜನಗಣಮನದ ಹೊತ್ತಿಗೆ ಎಲ್ಲರ ಜೊತೆ ಎದ್ದು ನೆಟ್ಟಗೆ ನಿಲ್ಲುತ್ತಿದ್ದರು. ಬಾಯಿ ಮಾತ್ರ ತೆರೆಯುತ್ತಿರಲಿಲ್ಲ. ಯಾರೋ ನೋಡಿದರು, ಸುದ್ದಿಯಾಯಿತು, ಶಾಲೆಯಿಂದ ಹೊರಗೆ ಹಾಕಿದರು. ಹೈಕೋರ್ಟು ಅಪ್ಪನ ಮಾತು ಕೇಳಲಿಲ್ಲ. ಪ್ರಕರಣ ಸುಪ್ರೀಂ ಕೋರ್ಟಿಗೆ ಹೋಗಿ, 1986ರ ಆಗಸ್ಟ್ 11ಕ್ಕೆ, ಸ್ವಾತಂತ್ರ್ಯ ದಿನಕ್ಕೆ ನಾಲ್ಕೇ ದಿನ ಮುಂಚೆ, ನ್ಯಾಯಮೂರ್ತಿ ಚಿನ್ನಪ್ಪ ರೆಡ್ಡಿಯವರು ಮಕ್ಕಳನ್ನು ಮತ್ತೆ ಶಾಲೆಗೆ ಸೇರಿಸಿಕೊಳ್ಳಿ ಅಂದರು. ಎದ್ದು ನಿಂತರೆ ಗೌರವ ಕೊಟ್ಟ ಹಾಗೆಯೇ, ಹಾಡಲೇಬೇಕು ಅನ್ನುವ ಕಾನೂನು ಇಲ್ಲ ಅಂತ.

"ಆಮೇಲೆ ನವೀನ್ ಜಿಂದಾಲ್ ಕೇಸು," ಅಂದರು ಮೇಷ್ಟ್ರು. "ಕಾರ್ಖಾನೆ ಮಾಲೀಕರು. ದಿನಾ ಕಾರ್ಖಾನೆ ಮೇಲೆ ಬಾವುಟ ಹಾರಿಸೋರು. ಅಧಿಕಾರಿಗಳು ಬೇಡ ಅಂದ್ರು. ಆಗ ನೀವು ನಾನು ಮನಸ್ಸು ಬಂದಾಗ ಬಾವುಟ ಹಾರಿಸೋ ಹಾಗಿರ್ಲಿಲ್ಲ ಸ್ವಾಮಿ, ವರ್ಷದಲ್ಲಿ ಇಂತಿಂಥ ದಿನ ಅಂತಿತ್ತು. ಅವರು ಕೋರ್ಟಿಗೆ ಹೋದ್ರು. 2002ರ ಜನವರಿ 26ರಿಂದ ಹೊಸ ಸಂಹಿತೆ ಬಂತು, 2004ರಲ್ಲಿ ಸುಪ್ರೀಂ ಕೋರ್ಟು ಬಾವುಟ ಹಾರಿಸೋದು ಮೂಲಭೂತ ಹಕ್ಕು ಅಂತು. ಯಾವ ಕಲಮಿನಲ್ಲಿ ಹೇಳಿ ನೋಡೋಣ?"

ನನಗೆ ಹೇಗೆ ಗೊತ್ತಿರಬೇಕು? ಮೇಷ್ಟ್ರ ಮುಂದೆ ನಾನು ಯಾವಾಗಲೂ ಕೊನೇ ಬೆಂಚು.

"ಹತ್ತೊಂಬತ್ತು, ಒಂದು, ಎ. ಅದೇ ಕೇರಳದ ಮಕ್ಕಳ ಬಾಯಿ ಮುಚ್ಚಿಕೊಳ್ಳೋ ಹಕ್ಕೂ ಅಲ್ಲೇ ಸಿಕ್ಕಿದ್ದು. ಒಬ್ಬ ಹಾರಿಸ್ತೀನಿ ಅಂದ, ಇನ್ನೊಬ್ರು ಹಾಡಲ್ಲ ಅಂದ್ರು. ಇಬ್ಬರಿಗೂ ಒಂದೇ ಬಾಗಿಲು. ಒಂದನ್ನ ಮುಚ್ಚಿದ್ರೆ ಇನ್ನೊಂದೂ ಮುಚ್ಚುತ್ತೆ ಕಣ್ರೀ, ಯಾಕಂದ್ರೆ ಇನ್ನೊಂದು ಇಲ್ವೇ ಇಲ್ಲ."

ಸಿನಿಮಾದ ವಿಷಯ ಅವರಿಗಿಂತ ನನಗೆ ಚೆನ್ನಾಗಿ ಗೊತ್ತು, ನಾನೇ ಹೇಳಿದೆ. ಚಿಕ್ಕವನಿದ್ದಾಗ ಥಿಯೇಟರಿನಲ್ಲಿ ಪಿಕ್ಚರ್ ಮುಗಿದ ಮೇಲೆ ಜನಗಣಮನ ಬರುತ್ತಿತ್ತು. ಖಳನಾಯಕ ಸತ್ತ ಕೂಡಲೇ ಅರ್ಧ ಟಾಕೀಸು ಖಾಲಿ, ಏಕೆಂದರೆ ಹಾಡು ಮುಗಿಯುವ ತನಕ ನಿಂತರೆ ಸಿಟಿ ಬಸ್ಸು ತಪ್ಪುತ್ತಿತ್ತು. ಆಮೇಲೆ ಆ ಪದ್ಧತಿ ತಾನಾಗೇ ಬಿದ್ದುಹೋಯಿತು. 2016ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟೇ ಎಲ್ಲ ಥಿಯೇಟರಲ್ಲೂ ಪಿಕ್ಚರಿಗೆ ಮುಂಚೆ ಹಾಕಬೇಕು ಅಂದಿತು, 2018ರ ಜನವರಿಯಲ್ಲಿ ತಾನೇ ಕಡ್ಡಾಯ ಬೇಡ ಅಂದಿತು. ನಡುವಿನ ಆ ಒಂದು ವರ್ಷ ಕತ್ತಲಲ್ಲಿ ಜನ ತೆರೆ ನೋಡುವುದು ಬಿಟ್ಟು ಯಾರು ಎದ್ದಿಲ್ಲ ಅಂತ ಹಿಂದೆ ಮುಂದೆ ನೋಡುತ್ತಿದ್ದದ್ದು ನನಗೆ ನೆನಪಿದೆ. ನಾನೂ ನೋಡಿದ್ದೆ. ಅದನ್ನು ಮೇಷ್ಟ್ರಿಗೆ ಹೇಳಲಿಲ್ಲ.

"ಏನೇ ಹೇಳಿ ಮೇಷ್ಟ್ರೇ," ಅಂದೆ, "ನಮ್ಮ ಜನಕ್ಕೆ ಸ್ವಲ್ಪ ಬಿಗಿ ಬೇಕು. ಎಮರ್ಜೆನ್ಸಿಲಿ ರೈಲು ಟೈಮಿಗೆ ಸರಿಯಾಗಿ ಬರ್ತಿತ್ತಂತೆ."

"ರೈಲು ಟೈಮಿಗೆ ಬರ್ತಿತ್ತು. ಮನುಷ್ಯ ಮನೆಗೆ ಬರ್ತಿರ್ಲಿಲ್ಲ."

ಇಷ್ಟು ಹೇಳಿ ಹೋಗಿ ನಲ್ಲಿ ನಿಲ್ಲಿಸಿ ಬಂದರು. ಮೇಷ್ಟ್ರಿಗೆ ನೀರು ಹರಿಯುತ್ತಿದ್ದರೆ ಗಂಭೀರವಾದ ಮಾತು ಬರುವುದಿಲ್ಲ.

ಆಗ ಅವರಿಗೆ ಇಪ್ಪತ್ತನಾಲ್ಕು. ಬೆಂಗಳೂರಿನ ಚಿಕ್ಕಪೇಟೆಯ ಹಿಂದೆ ಒಂದು ವಠಾರದಲ್ಲಿ ಮೂವರು ಸೇರಿ ರೂಮು ಮಾಡಿದ್ದರಂತೆ. 1975ರ ಜೂನ್ 25ರ ರಾತ್ರಿ ತುರ್ತುಪರಿಸ್ಥಿತಿ ಬಂತು. ಸಂಸತ್ತಿನ ಸಮಿತಿಯ ಕೆಲಸಕ್ಕೆಂದು ಬೆಂಗಳೂರಿಗೆ ಬಂದಿದ್ದ ವಾಜಪೇಯಿ, ಅಡ್ವಾಣಿ, ಮಧು ದಂಡವತೆಯವರನ್ನು ಮರುದಿನ ಇಲ್ಲೇ ಹಿಡಿದು ಸೆಂಟ್ರಲ್ ಜೈಲಿಗೆ ಹಾಕಿದರು. ದೊಡ್ಡವರ ವಿಷಯ ಪೇಪರಿನಲ್ಲೂ ಸರಿಯಾಗಿ ಬರಲಿಲ್ಲ, ಸೆನ್ಸಾರು ಕೂತಿತ್ತು. ವಠಾರದ ಮಾಲೀಕರು ಜವಳಿ ಅಂಗಡಿಯವರು, ರಾಜಕೀಯಕ್ಕೂ ಅವರಿಗೂ ಸಂಬಂಧವಿಲ್ಲ. ಅವರು ರಾತ್ರಿ ಕಿಟಕಿ ಹಾಕಿಕೊಂಡು, ರೇಡಿಯೋದ ಮೇಲೆ ಕಂಬಳಿ ಹೊದಿಸಿ, ಕಂಬಳಿಯೊಳಗೆ ತಲೆ ತೂರಿಸಿ ಬಿಬಿಸಿ ಕೇಳುತ್ತಿದ್ದರಂತೆ.

"ಬೆಳಿಗ್ಗೆ ಏನ್ ಸಮಾಚಾರ ಅಂತ ಕೇಳಿದ್ರೆ, ಏನೂ ಇಲ್ಲಪ್ಪ, ಚೆನ್ನಾಗಿದೆ ಅನ್ನೋರು. ಇಪ್ಪತ್ತೊಂದು ತಿಂಗಳು ಆ ಮನುಷ್ಯ 'ಚೆನ್ನಾಗಿದೆ' ಬಿಟ್ಟು ಬೇರೆ ಮಾತಾಡಿದ್ದು ನಾನು ಕೇಳಿಲ್ಲ."

ಅದೇ ಜೈಲಿನಲ್ಲಿ ಸ್ನೇಹಲತಾ ರೆಡ್ಡಿ ಇದ್ದರು. 'ಸಂಸ್ಕಾರ' ಸಿನಿಮಾದ ಚಂದ್ರಿ. 1976ರ ಮೇ ತಿಂಗಳಲ್ಲಿ ಹಿಡಿದರು. ಉಬ್ಬಸದ ರೋಗಿ. ಜೈಲಿನಲ್ಲಿ ಉಸಿರಿಗೆ ಪರದಾಡಿದರು. 1977ರ ಜನವರಿಯಲ್ಲಿ ಪೆರೋಲ್ ಮೇಲೆ ಬಿಟ್ಟರು. ಕೆಲವೇ ದಿನಕ್ಕೆ ತೀರಿಕೊಂಡರು. ಮೇಷ್ಟ್ರು ಇದನ್ನು ಹೇಳುವಾಗ ದಾಸವಾಳದ ಒಣಗಿದ ಎಲೆ ಒಂದೊಂದಾಗಿ ಕಿತ್ತು ಮುಷ್ಟಿಯಲ್ಲಿ ತುಂಬಿಕೊಳ್ಳುತ್ತಿದ್ದರು. ನಾನು ಆ ಸಿನಿಮಾ ನೋಡಿದ್ದೇನೆ. ಆ ಮುಖ ಮರೆಯುವಂಥದ್ದಲ್ಲ.

"ಕೋರ್ಟು ಇರ್ಲಿಲ್ವಾ?" ಅಂದೆ.

ಇದ್ದವು. ಕರ್ನಾಟಕದ್ದೂ ಸೇರಿ ಹಲವು ಹೈಕೋರ್ಟುಗಳು, ಹಿಡಿದಿಟ್ಟವರು ನ್ಯಾಯ ಕೇಳಬಹುದು ಅಂದವು. ಸರ್ಕಾರ ಸುಪ್ರೀಂ ಕೋರ್ಟಿಗೆ ಹೋಯಿತು. ಯಾರಾದರೂ ಪೊಲೀಸಿನವನು ತನ್ನ ಹಗೆಗೆ ಒಬ್ಬನನ್ನು ಕೊಂದುಬಿಟ್ಟರೆ ಆಗಲೂ ಕೇಳುವ ಹಾಗಿಲ್ಲವೇ ಅಂತ ನ್ಯಾಯಮೂರ್ತಿ ಎಚ್.ಆರ್. ಖನ್ನಾ ಕೇಳಿದರು. ತುರ್ತುಪರಿಸ್ಥಿತಿ ಇರುವ ತನಕ ಇಲ್ಲ ಅಂದರು ಸರ್ಕಾರದ ವಕೀಲರು. 1976ರ ಏಪ್ರಿಲ್ 28ಕ್ಕೆ ತೀರ್ಪು. ಐವರಲ್ಲಿ ನಾಲ್ವರು ಸರ್ಕಾರದ ಕಡೆ. ಖನ್ನಾ ಒಬ್ಬರೇ ಎದುರು ಕಡೆ. ಮುಂದಿನ ಜನವರಿಯಲ್ಲಿ ಮುಖ್ಯ ನ್ಯಾಯಮೂರ್ತಿ ಆಗಬೇಕಾಗಿದ್ದವರು ಖನ್ನಾ. ಅವರನ್ನು ದಾಟಿ ಕಿರಿಯರನ್ನು ಕೂರಿಸಿದರು. ಖನ್ನಾ ರಾಜೀನಾಮೆ ಕೊಟ್ಟು ಎದ್ದರು. 1978ರಲ್ಲಿ ಸಂವಿಧಾನಕ್ಕೆ 44ನೇ ತಿದ್ದುಪಡಿ ತಂದು, ಎಂಥ ತುರ್ತು ಬಂದರೂ ಬದುಕುವ ಹಕ್ಕನ್ನು ಮುಟ್ಟಬಾರದು ಅಂತ ಬೀಗ ಹಾಕಿದರು.

"ಆ ನಾಲ್ವರಲ್ಲಿ ಒಬ್ಬರು ವೈ.ವಿ. ಚಂದ್ರಚೂಡ್," ಅಂದರು ಮೇಷ್ಟ್ರು. ಈಗ ಮುಖದಲ್ಲಿ ಸಣ್ಣ ನಗು. "ನಲವತ್ತೊಂದು ವರ್ಷ ಆದ್ಮೇಲೆ ಆ ತೀರ್ಪು ತಪ್ಪು ಅಂತ ಬರೆದೋರು ಯಾರು? ಅವರ ಮಗ. ಆ ಕೇಸು ಹಾಕಿದ್ದು ಯಾರು?"

ಇದು ನನಗೆ ಗೊತ್ತಿತ್ತು. "ಪುಟ್ಟಸ್ವಾಮಿಯವರು!" ಅಂದೆ, ಕೈ ಎತ್ತಿದ ಹುಡುಗನ ಹಾಗೆ.

ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ನಮ್ಮ ಹೈಕೋರ್ಟಿನಲ್ಲಿ ಇದ್ದು ನಿವೃತ್ತರಾದವರು. ಆಧಾರ್ ವಿಷಯದಲ್ಲಿ 2012ರಲ್ಲಿ ಅರ್ಜಿ ಹಾಕಿದಾಗ ಎಂಬತ್ತಾರು ವರ್ಷ. ನಮ್ಮ ಮನೆಯಲ್ಲಿ ಎಂಬತ್ತಾರು ವರ್ಷದವರು ಟೀವಿ ರಿಮೋಟು ಕೇಳಿದರೆ ಸುಮ್ನಿರಿ ಅನ್ನುತ್ತೇವೆ. ಅವರು ಬೆಂಗಳೂರಿನ ಮನೆಯಲ್ಲಿ ಕೂತು, ನನ್ನ ಖಾಸಗಿತನ ನನ್ನ ಹಕ್ಕೋ ಅಲ್ಲವೋ ಹೇಳಿ ಅಂತ ದೇಶದ ಅತಿ ದೊಡ್ಡ ಕೋರ್ಟನ್ನು ಕೇಳಿದರು. 2017ರ ಆಗಸ್ಟ್ 24ಕ್ಕೆ ಒಂಬತ್ತು ನ್ಯಾಯಮೂರ್ತಿಗಳು ಒಂದೇ ದನಿಯಲ್ಲಿ ಹೌದು ಅಂದರು. ಅದೇ ತೀರ್ಪಿನಲ್ಲಿ 1976ರದ್ದನ್ನೂ ಗುಂಡಿಗೆ ಹಾಕಿದರು. 2024ರಲ್ಲಿ ಪುಟ್ಟಸ್ವಾಮಿಯವರು ತೀರಿಕೊಂಡಾಗ ತೊಂಬತ್ತೆಂಟು.

"ಯಾರೂ ಕರೀಲಿಲ್ಲ ಅವರನ್ನ, ಬಾವುಟ ಹಾರಿಸಿ ಅಂತ," ಅಂದರು ಮೇಷ್ಟ್ರು. "ಒಂದು ಅರ್ಜಿ ಬರೆದ್ರು, ಅಷ್ಟೇ."

ಅರ್ಜಿ ಅನ್ನುವ ಶಬ್ದ ಬಂತು. ನಾನು ನುಗ್ಗೆಮರ ನೋಡಿದೆ.

ಆ ಸೆಂಟ್ರಲ್ ಜೈಲು ಈಗ ಫ್ರೀಡಂ ಪಾರ್ಕು. ಕೈದಿಗಳನ್ನು ಪರಪ್ಪನ ಅಗ್ರಹಾರಕ್ಕೆ ಸಾಗಿಸಿ, 2008ರಲ್ಲಿ ಪಾರ್ಕು ಮಾಡಿ ಬಾಗಿಲು ತೆಗೆದರು. ಕಾವಲು ಗೋಪುರ ಹಾಗೇ ಇದೆ, ಸುತ್ತ ಹುಲ್ಲುಹಾಸು. ಬೆಂಗಳೂರಿನಲ್ಲಿ ಧರಣಿ ಕೂರುವವರು ಈಗ ಅಲ್ಲೇ ಕೂರಬೇಕು, ರಸ್ತೆಯಲ್ಲಿ ಮೆರವಣಿಗೆ ಕೂಡದು. ಟ್ರಾಫಿಕ್ಕಿಗೆ ತೊಂದರೆ ಅನ್ನುವುದು ಸುಳ್ಳಲ್ಲ, ನಾನೇ ಆ ಟ್ರಾಫಿಕ್ಕಿನಲ್ಲಿ ಸಿಕ್ಕಿ ಶಪಿಸಿದ್ದೇನೆ. ಆದರೂ ಜೈಲಿನ ಗೋಡೆಯೊಳಗೆ ಕೂತು ಸ್ವಾತಂತ್ರ್ಯ ಕೇಳಿ ಅನ್ನುವುದರಲ್ಲಿ ಏನೋ ಒಂದು ಚೇಷ್ಟೆ ಇದೆ. ಬೇಕಂತ ಮಾಡಿದ್ದಲ್ಲ ಬಿಡಿ. ನನ್ನ ಬಾವುಟದ ಹಾಗೆ ನಿದ್ದೆಗಣ್ಣಿನದು.

"ನಮ್ಮ ಪಾರ್ಕಿನ ಅರ್ಜಿಗೆ ಉತ್ತರ ಬರಲಿಲ್ಲ ಅಂದ್ರೆ ಅಲ್ಲಿಗೇ ಹೋಗಿ ಕೂರೋದು," ಅಂದರು ಮೇಷ್ಟ್ರು. "ನೀವು ಬರ್ತೀರಲ್ಲ?"

ನಾನು ಮಗನ ಪಾಸ್‌ಪೋರ್ಟಿನ ವಿಷಯ ತೆಗೆದೆ. ಪೊಲೀಸ್ ವೆರಿಫಿಕೇಶನ್ನು ಬಾಕಿ ಇದೆ, ಈ ಹೊತ್ತಿನಲ್ಲಿ ಅಪ್ಪನ ಹೆಸರು ಎಲ್ಲೂ ಬರಬಾರದು ನೋಡಿ. ಟೆಂಪೋ ಯಾರದ್ದೋ, ಯಾರ ಕೈ ಎಲ್ಲಿವರೆಗಿದೆಯೋ. ಸೆಕ್ರೆಟರಿಗೂ ಬೇಜಾರಾಗಬಹುದು, ರಾತ್ರಿ ಎರಡು ಗಂಟೆಗೆ ಕಾರು ತಂದವರು. ಒಂದೊಂದು ಕಾರಣ ಹೇಳುವಾಗಲೂ ಸರಿಯಾಗೇ ಇತ್ತು. ಒಟ್ಟಿಗೆ ಕೇಳಿದರೆ ಕಂಬಳಿ ಹೊದ್ದ ರೇಡಿಯೋದ ಹಾಗಿತ್ತು. ನನಗೇ ಗೊತ್ತಾಯಿತು.

ಮೇಷ್ಟ್ರು ವಾದಿಸಲಿಲ್ಲ. "ಇರ್ಲಿ ಬಿಡಿ," ಅಂದರು. ಒಳಗೆ ಹೋದರು. ಟ್ರಂಕಿನ ಕೊಂಡಿ ಕಿರ್ರೆಂದದ್ದು ಗೋಡೆಯಾಚೆಗೂ ಕೇಳಿಸಿತು. ಬಾವುಟ ತಂದರು. ಖಾದಿ, ಕೈಗೆ ಒರಟು, ಬಿಳುಪು ಅಂದರೆ ಹಾಲಿನ ಕೆನೆಯ ಬಿಳುಪು. ಮೂರು ವರ್ಷದ ಹಿಂದೆ ಪೋಸ್ಟಾಫೀಸಿನಲ್ಲಿ 25 ರೂಪಾಯಿ ಕೊಟ್ಟು ತಂದ ನನ್ನ ಪಾಲಿಯೆಸ್ಟರ್ ಅದರ ಮುಂದೆ ಮಳೆಕೋಟಿನ ಹಾಗೆ ಹೊಳೆಯುತ್ತಿತ್ತು. ಅವರ ಹೆಂಡತಿ ಏಣಿ ಹಿಡಿದರು. ಎಪ್ಪತ್ತನಾಲ್ಕರ ಮನುಷ್ಯ ನಾಲ್ಕು ಮೆಟ್ಟಿಲು ಹತ್ತಿ ಸಜ್ಜೆಯ ಕೋಲಿಗೆ ಕಟ್ಟತೊಡಗಿದರು. ಗಂಟೆ ಹನ್ನೊಂದೂಕಾಲು. ಫೋಟೋ ತೆಗೆಯುವವರು ಯಾರೂ ಇರಲಿಲ್ಲ.

"ನೋಡಿ ಹೇಳಿ," ಅಂತ ಮೇಲಿಂದಲೇ ಕೂಗಿದರು, "ಕೇಸರಿ ಮೇಲಿದೆಯಾ?"

"ಇದೆ," ಅಂದೆ.

ಒಳಗೆ ಹೋಗಿ ಟೀವಿ ಡ್ರಾಯರಿನಿಂದ, ವಿದ್ಯುತ್ ಬಿಲ್ಲುಗಳ ಅಡಿಯಿಂದ ಅರ್ಜಿ ತೆಗೆದೆ. ಹೆಂಡತಿ ನೋಡಿದಳು, ಏನೂ ಕೇಳಲಿಲ್ಲ. ಹಾಗಾದರೆ ಅವಳು ಮೊದಲೇ ಓದಿದ್ದಾಳೆ ಅಂತ ಅರ್ಥ. ಗೋಡೆಯ ಮೇಲೆ ಇಟ್ಟು, ಹದಿನಾಲ್ಕನೆಯವನಾಗಿ ಸಹಿ ಹಾಕಿದೆ. ಹದಿಮೂರನೆಯದು ಮೂರನೇ ಕ್ರಾಸಿನ ಅಜ್ಜಿಯದು, ಕನ್ನಡದಲ್ಲಿ, ದುಂಡಗೆ.

ಮೇಷ್ಟ್ರು ಏಣಿಯಿಂದ ಇಳಿದು ಬಂದು ಕನ್ನಡಕ ಏರಿಸಿಕೊಂಡು ನೋಡಿದರು. ಹಿಂದೆ ತಿರುಗಿಸಿ ನೋಡಿದರು. ಬೆಳಕಿಗೆ ಹಿಡಿದರು.

"ಸ್ವಾಮಿ, ಇದು ಸಹಿನೋ, ಕಂಬಳಿಹುಳ ಹರಿದದ್ದೋ? ಪಕ್ಕದಲ್ಲಿ ಹೆಸರು, ಮನೆ ನಂಬರು ದಪ್ಪಕ್ಷರದಲ್ಲಿ ಬರೀರಿ."

ಪೆನ್ನು ಅವರ ಕೈಯಲ್ಲೇ ಇತ್ತು. ಗೋಡೆ ದಾಟಿಸಿದರು.